ಮೊಟ್ಟೆ ಇಲ್ಲದ ತಿರಮಿಸು

ಡಿಕಾಕ್ಷನ್ ಇಳಿಯುತ್ತಿರಲಿಲ್ಲ. ಚೆನ್ನಕೇಶವ ಹಿತ್ತಾಳೆ ಫಿಲ್ಟರಿನ ಮುಚ್ಚಳ ತೆಗೆದು ಮತ್ತೆ ನೋಡಿದ. ಕುದಿಯುವ ನೀರು ಹಾಕಿ ಇಪ್ಪತ್ತು ನಿಮಿಷವಾಗಿದ್ದರೂ ನೀರು ಹಾಕಿದ ಎತ್ತರದಲ್ಲೇ ಕಪ್ಪಗೆ ನಿಂತಿತ್ತು. ಹೀಗಾದಾಗ ಶಾಂಭವಿ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟುತ್ತಿದ್ದಳು. ಆ ಸದ್ದನ್ನು ಅವನು ಇಪ್ಪತ್ತೊಂಬತ್ತು ವರ್ಷ ಹಾಸಿಗೆಯಲ್ಲಿ ಬಿದ್ದುಕೊಂಡೇ ಕೇಳಿದ್ದ. ಟಕ್ ಟಕ್, ಆಮೇಲೆ ಹಿತ್ತಲ ಬಾಗಿಲಿನ ಚಿಲಕ, ಆಮೇಲೆ ಕಾಲು ಗಂಟೆ ಮನೆಯಲ್ಲಿ ಏನೂ ಸದ್ದಿಲ್ಲ. ಆ ಕಾಲು ಗಂಟೆ ಅವಳು ಹಿತ್ತಲ ಮೆಟ್ಟಿಲ ಮೇಲೆ ಕೂತು ಒಬ್ಬಳೇ ಕಾಫಿ ಕುಡಿಯುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಒಮ್ಮೆ ಅವನು ಪಕ್ಕದಲ್ಲಿ ಹೋಗಿ ಕೂತು ಏನೋ ಕೇಳಿದ್ದಕ್ಕೆ, 'ಲೋಟ ಖಾಲಿ ಆಗ್ಲಿ ತಡೀರಿ' ಎಂದಿದ್ದಳು. ಕೋಪದಿಂದಲ್ಲ, ಪೂಜೆಯಲ್ಲಿರುವವರು ಹೇಳುವ ಹಾಗೆ. ಅಂದಿನಿಂದ ಅವನು ಆ ಮೆಟ್ಟಿಲಿಗೆ ಹೋಗಿರಲಿಲ್ಲ. ಈಗ ತಾನೂ ಗೆಣ್ಣಿನಿಂದ ಕುಟ್ಟಿದ. ಫಿಲ್ಟರ್ ಅವನ ಕೈಗೆ ಮಣಿಯಲಿಲ್ಲ. ಪುಡಿಯನ್ನು ಜಾಸ್ತಿ ಒತ್ತಿಬಿಟ್ಟಿದ್ದ. ಮೇಲೂರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟವನು, ಐವತ್ತೇಳನೆಯ ವಯಸ್ಸಿನಲ್ಲಿ ಹುಷಾರಿಲ್ಲವೆಂದು ರಜಾ ಹಾಕಿ, ಬನಿಯನ್ನು ಪಂಚೆಯಲ್ಲಿ ಅಡಿಗೆಮನೆಯಲ್ಲಿ ನಿಂತು ಒಂದು ಹಿತ್ತಾಳೆ ಪಾತ್ರೆಯನ್ನು ಬೇಡಿಕೊಳ್ಳುತ್ತಿದ್ದ. ಗಡಿಯಾರ ಹನ್ನೊಂದೂ ಮುಕ್ಕಾಲು ತೋರಿಸುತ್ತಿತ್ತು. ಶಾಂಭವಿ ಬರುವ ಕಾಶಿಯಾತ್ರೆಯವರ ವ್ಯಾನು ಬೆಂಗಳೂರಿನ ಸ್ಟೇಷನ್ನಿನಿಂದ ನಾಲ್ಕಕ್ಕೆ ಚಿಕ್ಕಬಳ್ಳಾಪುರಕ್ಕೆ ಬರುತ್ತದೆ. ತಿರಮಿಸು ಎರಡು ಗಂಟೆಯಾದರೂ ಫ್ರಿಜ್ಜಿನಲ್ಲಿ ಕೂರಬೇಕು.

ತಿರಮಿಸು. ಆ ಇಟಲಿಯ ಸಿಹಿಯ ಹೆಸರನ್ನು ಅವನು ಮನಸ್ಸಿನಲ್ಲಿ ಎಷ್ಟು ಸಲ ಹೇಳಿಕೊಂಡಿದ್ದನೆಂದರೆ ಅದೀಗ ಯಾರೋ ದೂರದ ಸಂಬಂಧಿಯ ಹೆಸರಿನ ಹಾಗೆ ಕೇಳುತ್ತಿತ್ತು. ಎರಡು ತಿಂಗಳ ಹಿಂದೆ, ಮುರಳಿಮೋಹನನ ಮಗಳ ಮದುವೆಯ ಊಟದಲ್ಲಿ, ಅಂಗೈಯಗಲದ ಪ್ಲಾಸ್ಟಿಕ್ ಬಟ್ಟಲಿನಲ್ಲಿ ಅದನ್ನು ಮೊದಲ ಸಲ ಕಂಡಿದ್ದು. ಮುರಳಿಮೋಹನ ಅದೇ ಶಾಲೆಯ ಇಂಗ್ಲಿಷ್ ಮೇಷ್ಟ್ರು, ಮುದ್ದೇನಹಳ್ಳಿಯ ಕಡೆ ಜಮೀನಿದ್ದವನು, ಮದುವೆಯನ್ನು ಜೋರಾಗಿಯೇ ಮಾಡಿದ್ದ. ಊಟ ಮುಗಿದ ಮೇಲೆ ಶಾಲೆಯವರೆಲ್ಲ ಕುರ್ಚಿಗಳನ್ನು ಸುತ್ತ ಎಳೆದುಕೊಂಡು ಕೂತಿದ್ದರು. ಶಾಂಭವಿ ಅಂದು ಉತ್ಸಾಹದಲ್ಲಿದ್ದಳು. 'ನಮ್ಮನೆಯವರಿಗೆ ಗ್ಯಾಸ್ ಒಲೆ ಯಾವ ಕಡೆ ತಿರುಗಿಸಿದ್ರೆ ಹತ್ತುತ್ತೆ ಅಂತ ಇನ್ನೂ ಗೊತ್ತಿಲ್ಲ. ತಿರುಗಿಸೋದು ಎಷ್ಟು ಡಿಗ್ರಿ ಅಂತ ಕೇಳಿದ್ರೆ ಹೇಳ್ತಾರೆ,' ಎಂದಳು. ಎಲ್ಲರೂ ನಕ್ಕರು. ಅವನೂ ನಕ್ಕ. ನಗುವಾಗ ದವಡೆ ನೋಯುತ್ತಿರುವುದು ಅವನಿಗೊಬ್ಬನಿಗೇ ಗೊತ್ತಿತ್ತು. ಆಗ ಅವಳು ಆ ಬಟ್ಟಲಿನಿಂದ ಒಂದು ಚಮಚ ಬಾಯಿಗಿಟ್ಟುಕೊಂಡಳು. ಇಟ್ಟುಕೊಂಡವಳು ಕಣ್ಣು ಮುಚ್ಚಿದಳು. ಮಾತು ನಿಂತಿತು, ಕೈ ನಿಂತಿತು, ಅವಳ ಮುಖದಲ್ಲಿ ಅವನು ಎಂದೂ ಕಾಣದ, ಬಹುಶಃ ಆ ಹಿತ್ತಲ ಮೆಟ್ಟಿಲು ಮಾತ್ರ ಕಂಡಿದ್ದ ಒಂದು ಸುಖ ಬಂದು ಕೂತಿತು. 'ಕಾಫಿ ಕಣ್ರೀ ಇದು, ಕಾಫಿ!' ಎಂದಳು ಕಣ್ಣು ಮುಚ್ಚಿಕೊಂಡೇ. ಅವನು ಅವಳ ಕೈಯಲ್ಲಿದ್ದ ಬಟ್ಟಲನ್ನು ನೋಡಿದ. 'ಅದರಲ್ಲಿ ಹಸೀ ಮೊಟ್ಟೆ ಹಾಕಿರ್ತಾರೆ,' ಎಂದ.

ಹಾಕಿರಲಿಲ್ಲ. ಅದು ಅವನಿಗೆ ಗೊತ್ತಿತ್ತು. ಹತ್ತು ನಿಮಿಷದ ಹಿಂದಷ್ಟೇ ಸಿಹಿಯ ಕೌಂಟರಿಗೆ ಹೋಗಿ ಒಂದಲ್ಲ, ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ಬಂದಿದ್ದ. ಕೇಳಿದ್ದು ಅವಳಿಗಾಗಿಯೇ, ಅವಳು ತಿನ್ನಲಿ ಎಂದೇ. ಹಾಗಿದ್ದೂ ಬಾಯಿ ಆ ಮಾತಾಡಿತ್ತು. ಶಾಂಭವಿ ಕಣ್ಣು ತೆರೆದಳು. ಬಾಯಲ್ಲಿದ್ದುದನ್ನು ನುಂಗಲೂ ಆಗದೆ ಉಗುಳಲೂ ಆಗದೆ ಅವನನ್ನೇ ನೋಡಿದಳು. ಆಮೇಲೆ ಕಾಗದದ ಕರವಸ್ತ್ರ ಬಾಯಿಗೊತ್ತಿಕೊಂಡು, ಸೆರಗು ಅಡ್ಡ ಹಿಡಿದು, ಕುರ್ಚಿಗಳ ನಡುವೆ ಎಡವುತ್ತ ಕೈತೊಳೆಯುವ ಕಡೆಗೆ ಓಡಿದಳು. ಹೆಡ್ಮಾಸ್ಟರರ ಅತ್ತೆ ಅಕ್ಕಯ್ಯಮ್ಮ, 'ಅಯ್ಯಯ್ಯೋ ರಾಮುಡಾ, ಶಾಂಭವಮ್ಮ ಮೊಟ್ಟೆ ತಿಂದ್ಬಿಟ್ರಾ!' ಎಂದು ತೊಡೆ ತಟ್ಟಿಕೊಂಡು ನಕ್ಕಳು. ಮಿಕ್ಕವರೂ ನಕ್ಕರು. ಈ ಸಲದ ನಗುವಿನಲ್ಲಿ ಅವನ ದವಡೆ ನೋಯಲಿಲ್ಲ. ಅದನ್ನೇ ಅವನಿಗೆ ಈ ಎರಡು ತಿಂಗಳಲ್ಲಿ ಯಾವ ರೀತಿಯಿಂದಲೂ ಮರೆಯಲಾಗಿರಲಿಲ್ಲ.

ಫಿಲ್ಟರಿನ ಕೆಳಗೆ ಕೊನೆಗೂ ಒಂದು ಹನಿ ಬಿದ್ದ ಸದ್ದಾಯಿತು. ಅವನು ಉಸಿರು ಬಿಟ್ಟು, ಫ್ರಿಜ್ಜಿನಿಂದ ಬಟ್ಟೆಯ ಗಂಟನ್ನು ತೆಗೆದ. ನಿನ್ನೆ ಕೆನೆ ಕಾಯಿಸಿ, ನಿಂಬೆರಸ ಹಿಂಡಿ, ಹೊಸ ಪಂಚೆಯ ಅಂಚು ಹರಿದು ಕಟ್ಟಿಟ್ಟಿದ್ದ ಗಂಟು ಅದು. ಹೀಗೆ ಮಾಡಬೇಕೆಂದು ಫೋನಿನಲ್ಲಿ ಹೇಳಿಕೊಟ್ಟವಳು ಮಹತಿ, ಶಾಂಭವಿಯ ಅಕ್ಕ ಗೋದಮ್ಮನ ಮಗಳು, ಗೌರಿಬಿದನೂರಿನಲ್ಲಿ ಬ್ಯಾಂಕಿನಲ್ಲಿರುವವಳು. ಗಂಟು ಬಿಚ್ಚಿದರೆ ಒಳಗೆ ಬಿಳಿಯ ಮುದ್ದೆ, ಬೆಣ್ಣೆಯೂ ಅಲ್ಲ ಮೊಸರೂ ಅಲ್ಲ. ಇಷ್ಟು ಸರಿಯಾಗಿ ಬಂದಿದ್ದು ಕಂಡು ಅವನಿಗೆ ಖುಷಿಯಾಗಬೇಕಿತ್ತು. ಬದಲಿಗೆ ಹೆದರಿಕೆಯಾಯಿತು. ತಿರಮಿಸು ಸರಿಯಾಗಿ ಬಂದರೆ ಆಮೇಲೆ ಮಾತು ಹೊರಡಲೇಬೇಕು. ಆ ಮಾತನ್ನು ಅವನು ವಾರದಿಂದ ಉರು ಹೊಡೆಯುತ್ತಿದ್ದ. ಅವಳು ತಿನ್ನಲಿ, ತಿಂದು ಚೆನ್ನಾಗಿದೆ ಎನ್ನಲಿ. ಆಗ, 'ನೋಡು, ಇದನ್ನ ಮೊಟ್ಟೆ ಇಲ್ಲದೇನೂ ಮಾಡ್ತಾರೆ. ಆವತ್ತಿಂದೂ ಹಿಂಗೇ ಇದ್ದಿರಬೇಕು,' ಎನ್ನುವುದು. ಇದ್ದಿರಬೇಕು ಎಂದರೆ ಅವನಿಗೂ ಈಗಷ್ಟೇ ತಿಳಿದ ಹಾಗಾಗುತ್ತದೆ. ಅವಳ ಮನಸ್ಸಿನ ಭಾರ ಇಳಿಯುತ್ತದೆ, ಅವನ ಮಾನವೂ ಉಳಿಯುತ್ತದೆ. ಲೆಕ್ಕ ಎಲ್ಲ ಕಡೆಯಿಂದಲೂ ಸರಿಹೋಗುತ್ತಿತ್ತು. ಸರಿಹೋಗುವ ಲೆಕ್ಕ ಕಂಡಾಗ ಹುಡುಗ ಪಕ್ಕದವನದನ್ನು ಕದ್ದಿದ್ದಾನೆಂದು ಅನುಮಾನ ಪಡುವುದು ಅವನ ಮೇಷ್ಟ್ರ ಬುದ್ಧಿ. ಆ ಅನುಮಾನವನ್ನು ಅವನು ತನ್ನ ಮೇಲೆ ಈ ಕ್ಷಣಕ್ಕೆ ತಿರುಗಿಸಲಿಲ್ಲ.

ಸಕ್ಕರೆ ಪುಡಿ ಸೇರಿಸಿ ಕಲಸುತ್ತಿರುವಾಗ ಫೋನು ಬಂತು.

'ಚಿಕ್ಕಪ್ಪ, ಗಂಟು ಬಿಚ್ಚಿದ್ರಾ?' ಎಂದಳು ಮಹತಿ. 'ನೀರೆಲ್ಲ ಇಳಿದಿದೆಯಾ?'

'ಇಳಿದಿದೆಯಮ್ಮ. ಅದರಲ್ಲಿ ಹೆಂಡ ಬೇರೆ ಹಾಕ್ತಾರೆ ಅಂತ ವಿಡಿಯೋದಲ್ಲಿ ತೋರಿಸ್ತಿದ್ದಾರಲ್ಲ.'

'ಅದೆಲ್ಲ ಏನೂ ಬೇಡ. ಡಿಕಾಕ್ಷನ್ ಸ್ಟ್ರಾಂಗಾಗಿದ್ರೆ ಸಾಕು. ಬಿಸ್ಕತ್ತು ಅದ್ದಿ ತಕ್ಷಣ ಎತ್ತಿ, ನೆನೆಯೋಕೆ ಬಿಡಬೇಡಿ, ಪುಡಿ ಆಗೋಗುತ್ತೆ. ಚಿಕ್ಕಪ್ಪ, ನೀವು ಎಷ್ಟ್ ಸ್ವೀಟು! ನಮ್ಮ ಚಿಕ್ಕಮ್ಮಂಗೆ ಯಾರೂ ಏನೂ ಮಾಡಿಕೊಟ್ಟಿದ್ದೇ ನಾನು ನೋಡಿಲ್ಲ.'

ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ.

'ಅಮ್ಮ ಈಗ ತಾನೇ ಫೋನ್ ಮಾಡಿದ್ಲು. ರೈಲು ಬೆಂಗಳೂರು ತಲುಪಿದೆಯಂತೆ. ಚಿಕ್ಕಮ್ಮಂಗೆ ನಾಲ್ಕೈದು ದಿವಸದಿಂದ ಒಂದೇ ಸಮ ತಲೆನೋವಂತೆ. ಮಾತ್ರೆಗೂ ಬಗ್ಗಿಲ್ವಂತೆ.'

'ಬಿಸಿಲಿರಬೇಕು,' ಎಂದ. 'ಬಂದು ಒಂದು ಲೋಟ ಒಳ್ಳೆ ಕಾಫಿ ಕುಡಿದ್ರೆ ಹೋಗುತ್ತೆ.'

ಫೋನಿಟ್ಟ ಮೇಲೆ ಕಲಸುತ್ತಿದ್ದ ಕೈ ನಿಧಾನವಾಯಿತು. ಯಾರೂ ಏನೂ ಮಾಡಿಕೊಟ್ಟಿದ್ದೇ ಇಲ್ಲ. ಅಂದು ಮದುವೆಯಿಂದ ಮನೆಗೆ ಬಂದವಳು ಆ ಮಧ್ಯಾಹ್ನದ ಬಿಸಿಲಲ್ಲಿ ಹಿತ್ತಲ ತೊಟ್ಟಿಯ ತಣ್ಣೀರನ್ನು ಸೀರೆಯ ಮೇಲೆಯೇ ತಲೆಯಿಂದ ಸುರಿದುಕೊಂಡಿದ್ದಳು. ಅರಿಸಿನದ ನೀರಿನಲ್ಲಿ ಬಾಯಿ ಮುಕ್ಕಳಿಸಿ ಮುಕ್ಕಳಿಸಿ ವಸಡು ಕೆಂಪಾಗಿತ್ತು. ಮಾರನೆಯ ದಿನ ಉಪವಾಸ. ಅವನು ಹಾಲಿನಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದ. ಎದ್ದು ಹೋಗಿ ಒಂದು ವಾಕ್ಯ ಹೇಳಿದ್ದರೆ ಮುಗಿಯುತ್ತಿತ್ತು. ಪತ್ರಿಕೆಯೊಂದು ಮುಗಿದ ಮೇಲೆ ಹೇಳೋಣವೆಂದುಕೊಂಡ, ಕಟ್ಟು ಮುಗಿದ ಮೇಲೆ ಎಂದುಕೊಂಡ, ನಾಳೆ ಎಂದುಕೊಂಡ. ಒಂದು ದಿನ ತಡವಾದ ಸುಳ್ಳಿಗೆ ಎರಡನೆಯ ದಿನ ವಿವರಣೆ ಬೇಕಾಗುತ್ತದೆ, ಹತ್ತನೆಯ ದಿನಕ್ಕೆ ಅದನ್ನು ಬಾಯಿಂದ ತೆಗೆಯುವುದಕ್ಕೇ ಆಗುವುದಿಲ್ಲ. ದೇವಸ್ಥಾನದ ಅರ್ಚಕರು, 'ತಿಳೀದೆ ತಿಂದಿದ್ದಕ್ಕೆ ದೋಷ ಇಲ್ಲಮ್ಮ' ಎಂದರೂ ಅವಳಿಗೆ ಸಮಾಧಾನವಿಲ್ಲ. 'ತಿಳೀದೆ ತಿಂದೆ ಸರಿ. ಆದ್ರೆ ಚೆನ್ನಾಗಿದೆ ಅನ್ನಿಸ್ತಲ್ಲ,' ಎಂದು ಅವನ ಮುಂದೆ ಒಮ್ಮೆ ಅತ್ತಳು. ಭಜನೆ ಮಂಡಳಿಯವರು ಕಾಶಿಗೆ ಹೊರಟಾಗ ಗೋದಮ್ಮನ ಜೊತೆ ತನ್ನ ಹೆಸರನ್ನೂ ಬರೆಸಿದಳು. 'ಈ ಬಾಯಿ ತೊಳ್ಕೊಂಡು ಬರ್ತೀನಿ,' ಎಂದಳು. ಹೊರಡುವ ದಿನ ಅವನು ಚೀಲ ಹಿಡಿದು ವ್ಯಾನಿನ ತನಕ ಹೋಗಿದ್ದ. ಕಾಶಿಗೆ ಹೋದವರು ಒಂದು ಹಣ್ಣೋ ತರಕಾರಿಯೋ ಬಿಟ್ಟು ಬರಬೇಕಲ್ಲ, ಅವನ ತಾಯಿ ಬಿಟ್ಟದ್ದು ಹಾಗಲಕಾಯಿ, ಹುಟ್ಟಿದಾರಭ್ಯ ಆಕೆ ಅದನ್ನು ಮುಟ್ಟಿದವಳೇ ಅಲ್ಲ. ಅದನ್ನು ನೆನೆಸಿಕೊಂಡು, 'ಬದನೆಕಾಯಿ ಮಾತ್ರ ಬಿಟ್ಟು ಬರಬೇಡ ಕಣೇ, ನನ್ನ ಹೊಟ್ಟೆ ಮೇಲೆ ಹೊಡೀಬೇಡ,' ಎಂದು ತಮಾಷೆ ಮಾಡಿದ್ದ. ಅವಳು ನಕ್ಕಿರಲಿಲ್ಲ. 'ನೋಡಣ,' ಎಂದು ಕಿಟಕಿಯ ಗಾಜು ಎಳೆದುಕೊಂಡಿದ್ದಳು.

ಒಂದೂ ಕಾಲಿಗೆ ಡಿಕಾಕ್ಷನ್ ಒಂದು ಬಟ್ಟಲಿನಷ್ಟಾಯಿತು. ಬೆಳಿಗ್ಗೆ ತಂದಿದ್ದ ಉದ್ದನೆಯ ಬಿಸ್ಕತ್ತುಗಳ ಪೊಟ್ಟಣವನ್ನು ಅವನು ಬಿಚ್ಚಿದ. ಅದನ್ನು ತರುವಾಗಲೇ ಮೈ ಬೆವೆತಿತ್ತು. ಬಸ್ ಸ್ಟ್ಯಾಂಡಿನ ಹತ್ತಿರದ ಬೇಕರಿಯಲ್ಲಿ ಮೊಟ್ಟೆ ಇಲ್ಲದ್ದೇ ಬೇಕೆಂದು ಅವನು ದನಿ ತಗ್ಗಿಸಿ ಕೇಳಿದಾಗ, ಗಲ್ಲಾದಲ್ಲಿ ಕೂತಿದ್ದ ಮಾಲೀಕ ಚಿರಂಜೀವಿ ಎದ್ದು ನಿಂತಿದ್ದ. 'ಮೇಷ್ಟ್ರೇ, ಗುರುತು ಸಿಕ್ತಾ? ಮುರಳಿಮೋಹನ್ ಸಾರ್ ಮಗಳ ಮದ್ವೇಲಿ ಸ್ವೀಟ್ ಕೌಂಟರ್ ನಮ್ದೇ. ನೀವು ಎರಡೆರಡು ಸಲ ಬಂದು ಕೇಳಿದ್ರಲ್ಲ, ಎಗ್ ಹಾಕಿದ್ದೀಯೇನಪ್ಪ ಅಂತ. ಪ್ಯೂರ್ ಎಗ್‌ಲೆಸ್ಸು ಅಂದೆ ನಾನು. ಮೇಡಂ ತಿಂದ್ರಾ ಸಾರ್?'

'ತಿಂದರು.'

'ಇಷ್ಟ ಆಯ್ತಾ?'

'ಆಯ್ತು.'

ಎರಡೂ ನಿಜವಾದ ಉತ್ತರಗಳೇ. ಆದರೂ ಅವನ ಕಿವಿ ಬಿಸಿಯಾಯಿತು. ಅಂಗಡಿಯಲ್ಲಿ ಇನ್ನಿಬ್ಬರು ನಿಂತಿದ್ದರು. ಅವರಿಗೆ ಏನು ಗೊತ್ತು, ಆದರೆ ಅವರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. 'ಮೇಡಂ ಈ ಕಡೆ ಬಂದಾಗ ಕೇಳ್ತೀನಿ ಸಾರ್, ಹೆಂಗಿತ್ತು ಅಂತ. ಲೇಡೀಸು ಕರೆಕ್ಟಾಗಿ ಹೇಳ್ತಾರೆ,' ಎಂದ ಚಿರಂಜೀವಿ. ಚೆನ್ನಕೇಶವ ಚಿಲ್ಲರೆ ತೆಗೆದುಕೊಳ್ಳದೆ ಬೀದಿಗೆ ಇಳಿದಿದ್ದ. ಇಂದಲ್ಲ ನಾಳೆ ಶಾಂಭವಿ ಬ್ರೆಡ್ಡಿಗೋ ಖಾರ ಬಿಸ್ಕತ್ತಿಗೋ ಅಲ್ಲಿಗೆ ಹೋಗುತ್ತಾಳೆ. ಆ ಮನುಷ್ಯ ನಗುನಗುತ್ತ ಹೇಳಿಯೇ ಹೇಳುತ್ತಾನೆ. ಅದಕ್ಕೆ ಮುಂಚೆ, ಇವತ್ತೇ, ತನ್ನ ಬಾಯಿಂದಲೇ ಬರಬೇಕು.

ಬಿಸ್ಕತ್ತನ್ನು ಡಿಕಾಕ್ಷನ್ನಿನಲ್ಲಿ ಅದ್ದಿ ಎತ್ತಿದ. ಮೊದಲನೆಯದು ಕೈಯಲ್ಲೇ ಮುರಿದು ಬಟ್ಟಲಿಗೆ ಬಿತ್ತು. ಎರಡನೆಯದೂ ಮುರಿಯಿತು. ಮೂರನೆಯದನ್ನು ಅದ್ದಿದ ಕ್ಷಣವೇ ಎತ್ತಿ, ಗಾಜಿನ ಡಬ್ಬಿಯ ತಳದಲ್ಲಿ ಮಲಗಿಸಿದ. ಒಂದರ ಪಕ್ಕ ಒಂದು, ಸಂದಿಯಿರದ ಹಾಗೆ. ಅದರ ಮೇಲೆ ಕೆನೆ ಹಚ್ಚಿದ. ಮತ್ತೆ ಬಿಸ್ಕತ್ತು, ಮತ್ತೆ ಕೆನೆ. ಬೆರಳಿಗೆಲ್ಲ ಕಾಫಿಯ ಬಣ್ಣ ಹಿಡಿಯಿತು. ಇಡೀ ಮನೆ ಕಾಫಿಯ ಪರಿಮಳವಾಯಿತು. ಹನ್ನೆರಡು ದಿನದಿಂದ ಈ ವಾಸನೆ ಇಲ್ಲದೆ ಮನೆ ಬಾಡಿಗೆ ರೂಮಿನ ಹಾಗಿತ್ತೆಂದು ಅವನಿಗೆ ಈಗ ಹೊಳೆಯಿತು. ಅವಳು ಬರುತ್ತಾಳೆ ಎನ್ನುವುದು ಮೊದಲ ಸಲ ಹೆದರಿಕೆಯಲ್ಲದೆ ಆಸೆಯಾಗಿ ಬಂತು. ಕೊನೆಗೆ ಟೀ ಸೋಸುವ ಜರಡಿಯಿಂದ ಕೋಕೋ ಪುಡಿ ಉದುರಿಸಿದ. ಬಿಳಿಯ ಮೇಲೆ ಕಂದು ಧೂಳು ಸಮನಾಗಿ ಕೂತಿತು. ಮೂಲೆಯಲ್ಲಿ ಅವನ ಹೆಬ್ಬೆರಳಿನ ಗುರುತೊಂದು ಮೂಡಿಬಿಟ್ಟಿತ್ತು. ಅದನ್ನು ಅಳಿಸಲು ಹೋದರೆ ಇನ್ನಷ್ಟು ಕೆಡುತ್ತದೆಂದು ಹಾಗೇ ಬಿಟ್ಟು ಫ್ರಿಜ್ಜಿನ ಬಾಗಿಲು ಮುಚ್ಚಿದ.

ಆಮೇಲೆ ಕಾಯುವ ಕೆಲಸ. ಒಲೆಕಟ್ಟೆ ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. ಕಾಫಿಯ ಗಸಿಯನ್ನು ಅವಳು ಗುಲಾಬಿ ಗಿಡದ ಬುಡಕ್ಕೆ ಹಾಕುತ್ತಿದ್ದಳೆಂದು ನೆನಪಾಗಿ ಹಿತ್ತಲಿಗೆ ಹೋದ. ಮೆಟ್ಟಿಲು ಖಾಲಿಯಾಗಿತ್ತು. ಎರಡನೆಯ ಮೆಟ್ಟಿಲಿನ ಅಂಚಿನಲ್ಲಿ ಲೋಟ ಇಟ್ಟಿಟ್ಟು ಬಳೆಯಂಥ ಒಂದು ಕಂದು ಗುರುತು ಕಲ್ಲಿನಲ್ಲೇ ಉಳಿದುಬಿಟ್ಟಿತ್ತು. ಕೂರಬೇಕೆನ್ನಿಸಿ ಕೂರದೆ ಒಳಗೆ ಬಂದ. ಇದ್ದಿರಬೇಕು, ಎಂದು ಗಟ್ಟಿಯಾಗಿ ಹೇಳಿ ನೋಡಿದ. ಆವತ್ತಿನದೂ ಹೀಗೇ ಇದ್ದಿರಬೇಕು ಕಣೇ. ದನಿ ಸಹಜವಾಗಿಯೇ ಇತ್ತು.

ವ್ಯಾನು ಅರ್ಧ ಗಂಟೆ ಮೊದಲೇ ಬಂತು. ಗೋದಮ್ಮ ಕಿಟಕಿಯಿಂದಲೇ, 'ಮೇಷ್ಟ್ರೇ, ಇಳಿಯಲ್ಲ, ಗೌರಿಬಿದನೂರು ತಲುಪೋ ಹೊತ್ತಿಗೆ ಕತ್ತಲಾಗುತ್ತೆ. ಇವಳನ್ನ ಮಲಗಿಸಿ, ತಲೆ ಎತ್ತೋಕಾಗ್ತಿಲ್ಲ,' ಎಂದಳು. ಶಾಂಭವಿ ಕಪ್ಪಾಗಿದ್ದಳು, ಇಳಿದುಹೋಗಿದ್ದಳು. ಕೈಯಲ್ಲಿ ಬಾಯಿ ಬೆಸೆದ ಗಂಗೆಯ ತಂಬಿಗೆ. ಕಾಲು ತೊಳೆದು, ತಂಬಿಗೆಯನ್ನು ದೇವರ ಮುಂದಿಟ್ಟು ಕೈಮುಗಿದು, ಅಡಿಗೆಮನೆಯ ಬಾಗಿಲಲ್ಲಿ ನಿಂತವಳು ಒಮ್ಮೆ ಮೂಗಿನಿಂದ ಉಸಿರೆಳೆದುಕೊಂಡಳು. ಎಳೆದುಕೊಂಡ ಉಸಿರನ್ನು ಬಿಡಲು ಸ್ವಲ್ಪ ಹೊತ್ತಾಯಿತು. 'ಏನ್ರೀ ಇದು ವಾಸನೆ,' ಎಂದಳು.

'ಕೂತ್ಕೋ,' ಎಂದು ಅವನು ಡಬ್ಬಿ ತಂದು ಊಟದ ಮೇಜಿನ ಮೇಲಿಟ್ಟ. ಅವಳು ನೋಡಿದಳು. ಕಂದು ಪುಡಿ, ಗಾಜಿನ ಪಕ್ಕದಿಂದ ಕಾಣುವ ಪದರಗಳು. ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು.

'ಇದು ಅದೇ ಅಲ್ವಾ?'

'ಮೊಟ್ಟೆ ಇಲ್ಲ. ನಾನೇ ಮಾಡಿದ್ದು. ಮಹತಿ ಹೇಳಿಕೊಟ್ಟಳು. ಕೆನೆ, ನಿಂಬೆಹಣ್ಣು, ಸಕ್ಕರೆ, ಬಿಸ್ಕತ್ತು, ಅಷ್ಟೇ.'

'ನೀವಾ? ಒಲೆ ಹಚ್ಚಿ?' ತಲೆನೋವಿನ ನಡುವೆಯೂ ಅವಳಿಗೆ ನಗು ಬಂತು. ಡಬ್ಬಿಯನ್ನು ಹತ್ತಿರ ಎಳೆದುಕೊಂಡು ಹೆಬ್ಬೆರಳಿನ ಗುರುತನ್ನು ನೋಡಿದಳು, ಅದರ ಮೇಲೆ ತನ್ನ ಬೆರಳನ್ನು ಗಾಳಿಯಲ್ಲೇ ಹಿಡಿದಳು. ಅವನು ಚಮಚ ಕೊಟ್ಟ. ತಗೊಂಡಳು. ಈಗ, ಎಂದುಕೊಂಡ ಅವನು. ಒಂದು ಚಮಚ ಒಳಗೆ ಹೋಗಲಿ. ಅವಳು ಬಗ್ಗಿ ಮತ್ತೆ ಉಸಿರೆಳೆದುಕೊಂಡು, ಚಮಚವನ್ನು ಮೇಜಿನ ಮೇಲೆ ಸದ್ದಾಗದ ಹಾಗೆ ಇಟ್ಟಳು.

'ಕಾಫಿ ಹಾಕಿದ್ದೀರಿ.'

'ನಿನ್ನ ಪುಡಿದೇ. ಫಿಲ್ಟರಲ್ಲೇ ಹಾಕಿದೆ.'

'ಕಾಫಿ ಬಿಟ್ಟು ಬಂದೆ ಕಣ್ರೀ,' ಎಂದಳು. 'ಕಾಶೀಲಿ.'

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಕಾಶಿಯಲ್ಲಿ ಬಿಡುವುದು ಹಾಗಲಕಾಯಿಯನ್ನು.

'ಅಕ್ಕನೂ ಅದೇ ಅಂದ್ಲು, ಯಾವುದಾದ್ರೂ ಕಾಯಿ ಬಿಡು ಅಂತ. ಮೊಟ್ಟೆ ತಿಂದು ಚೆನ್ನಾಗಿದೆ ಅಂದ ಬಾಯಿ ಇದು. ತಿನ್ನದೇ ಇರೋದನ್ನ ಬಿಟ್ರೆ ಅದು ಬಿಟ್ಟ ಹಾಗಾ? ಗಂಗೇಲಿ ನಿಂತ್ಕೊಂಡು, ಅರ್ಘ್ಯ ಬಿಟ್ಟು, ಇನ್ನು ಈ ಜನ್ಮದಲ್ಲಿ ಕಾಫಿ ಮುಟ್ಟಲ್ಲ ಅಂದೆ. ಆವತ್ತಿಂದ ತಲೆ ಸಿಡೀತಿದೆ. ಹೋಗುತ್ತಂತೆ ಬಿಡಿ, ಹದಿನೈದು ದಿವಸಕ್ಕೆ.'

ಅವಳು ಇದನ್ನು ಹೇಳಿದ ರೀತಿಯಲ್ಲಿ ಒಂದು ಸಮಾಧಾನವಿತ್ತು, ಭಾರ ಇಳಿಸಿ ಬಂದವರದು. ಅದನ್ನು ಅವನಿಗೆ ತಡೆಯಲಾಗಲಿಲ್ಲ. ಈಗ ಸುಮ್ಮನಿದ್ದರೆ ಅವಳಿಗೆ ಆ ಸಮಾಧಾನವಾದರೂ ಉಳಿಯುತ್ತದೆ, ಹೇಳಿದರೆ ಅದೂ ಹೋಗುತ್ತದೆ ಎಂದು ಒಂದು ದನಿ ಒಳಗೆ ಬಲು ನಯವಾಗಿ ಹೇಳಿತು. ಆ ದನಿಯ ಗುರುತು ಅವನಿಗೆ ಚೆನ್ನಾಗಿತ್ತು. ಎರಡು ತಿಂಗಳಿಂದ ಅದೇ ಮಾತಾಡುತ್ತಿದ್ದದ್ದು.

'ಆವತ್ತಿನದರಲ್ಲೂ ಮೊಟ್ಟೆ ಇರಲಿಲ್ಲ,' ಎಂದ.

ಶಾಂಭವಿ ಅವನನ್ನು ನೋಡಿದಳು. ಬೀದಿಯಲ್ಲಿ ಯಾವುದೋ ಆಟೋ ತಿರುಗಿಸಲಾಗದೆ ಗುರುಗುಡುತ್ತಿತ್ತು. ಅದು ಹೋಗುವವರೆಗೂ ನೋಡಿದಳು.

'ಯಾವಾಗ ಗೊತ್ತಾಯ್ತು?'

ಪ್ರಶ್ನೆಯಲ್ಲೇ ಬಾಗಿಲೊಂದನ್ನು ತೆರೆದಿಟ್ಟಿದ್ದಳು, ಬೇಕೆಂದೋ ತಿಳಿಯದೆಯೋ. ಇವತ್ತು ಬೆಳಿಗ್ಗೆ, ಬೇಕರಿಯಲ್ಲಿ ಚಿರಂಜೀವಿ ಹೇಳಿದ, ಎಂದರೆ ಸಾಕು. ಅವನು ಹೇಳಿದ್ದೂ ಹೌದಲ್ಲ. ಚೆನ್ನಕೇಶವ ಮೇಜಿನ ಅಂಚು ಹಿಡಿದುಕೊಂಡ. ಬೆರಳುಗಳಲ್ಲಿ ಕಾಫಿಯ ಬಣ್ಣ ಹಾಗೇ ಇತ್ತು.

'ಆವತ್ತೇ. ನಿನಗೆ ಹೇಳೋ ಮುಂಚೆ. ಕೌಂಟರಲ್ಲಿ ಕೇಳ್ಕೊಂಡು ಬಂದಿದ್ದೆ.'

'ಮತ್ತೆ ಯಾಕೆ?'

'ನೀನು ಕಣ್ಣು ಮುಚ್ಚಿಕೊಂಡೆಯಲ್ಲ,' ಎಂದ. ಹೇಳಿದ ಮೇಲೆ ಅದು ಎಷ್ಟು ಕೀಳಾದದ್ದೆಂದು ತನ್ನ ಕಿವಿಗೇ ಕೇಳಿಸಿತು.

ಅವಳು ಬೈಯಲಿಲ್ಲ, ಅಳಲಿಲ್ಲ. ಅವನೇ ತಡೆಯಲಾರದೆ, 'ಹಾಗಾದ್ರೆ ಆ ವ್ರತ ಲೆಕ್ಕಕ್ಕಿಲ್ಲ ಕಣೇ. ತಪ್ಪೇ ಆಗಿಲ್ಲ ಅಂದ್ಮೇಲೆ ಬಿಡೋದೇನು? ಕುಡೀಬಹುದು. ಅರ್ಚಕರನ್ನ ಕೇಳಣ, ನಾನೇ ಹೋಗಿ—' ಎಂದ.

'ಗಂಗೇಲಿ ನಿಂತು ಬಿಟ್ಟಿದ್ದನ್ನ ವಾಪಸ್ ತರೋಕೆ ಅದೇನು ಅಂಗಡೀನಾ?' ಎಂದಳು. ದನಿ ಏರಿರಲಿಲ್ಲ. ಚಮಚವನ್ನು ಅವನ ಕಡೆಗೆ ತಳ್ಳಿದಳು. 'ಕೂತ್ಕೊಳ್ಳಿ.'

ಕೂತ.

'ತಿನ್ನಿ.'

ಅವನು ಹೆಬ್ಬೆರಳಿನ ಗುರುತಿದ್ದ ಮೂಲೆಯಿಂದ ಒಂದು ಚಮಚ ತೆಗೆದು ಬಾಯಿಗಿಟ್ಟುಕೊಂಡ. ಶಾಂಭವಿ ಎದುರಿನ ಕುರ್ಚಿಯಲ್ಲಿ ಬೆನ್ನು ಒರಗಿಸಿ, ಸಿಡಿಯುವ ಹಣೆಯನ್ನು ಒಂದು ಕೈಯಲ್ಲಿ ಒತ್ತಿಕೊಂಡು ಕಣ್ಣು ಮುಚ್ಚಿದಳು.

'ಹೇಗಿದೆ ಹೇಳಿ.'

'ಚೆನ್ನಾಗಿದೆ.'

'ಹಾಗಲ್ಲ. ಮೊದಲು ಏನು ಬರುತ್ತೆ?'

'ಮೊದಲು...' ನಾಲಿಗೆ ಹೊರಳಿಸಿ ನೋಡಿದ. 'ಮೊದಲು ಕೋಕೋ. ಒಣಗಿದ ಹಾಗಿದೆ. ಆಮೇಲೆ ಕೆನೆ, ತಣ್ಣಗೆ.'

'ಆಮೇಲೆ?'

'ಆಮೇಲೆ ಕಾಫಿ.'

ಅವಳ ಮುಚ್ಚಿದ ರೆಪ್ಪೆಗಳು ಅಲುಗಿದವು. 'ಹೇಗಿದೆ?'

'ಗಟ್ಟಿಯಾಗಿದೆ. ಕಹಿ. ಪುಡಿ ಜಾಸ್ತಿ ಒತ್ತಿಬಿಟ್ಟೆ ಅನ್ಸುತ್ತೆ, ಕೊನೆಯಲ್ಲಿ ಸ್ವಲ್ಪ ಸುಟ್ಟ ವಾಸನೆ ಬರುತ್ತೆ.'

'ಹ್ಞೂ,' ಎಂದಳು, ಆ ರುಚಿ ತನಗೆ ಗೊತ್ತಿರುವವಳ ಹಾಗೆ. ಕಣ್ಣು ತೆರೆಯದೆಯೇ ಹೇಳಿದಳು: 'ನಾಳೆಯಿಂದ ಡಿಕಾಕ್ಷನ್ ನೀವೇ ಹಾಕ್ಕೊಳ್ಳಿ. ಹಿತ್ತಲ ಮೆಟ್ಟಿಲ ಮೇಲೆ ಕೂತ್ಕೊಂಡು ಕುಡೀರಿ. ನಾನೂ ಬಂದು ಪಕ್ಕದಲ್ಲಿ ಕೂರ್ತೀನಿ. ದಿನಾ.'

ಅವನು ತಲೆಯಾಡಿಸಿದ. ಅವಳಿಗೆ ಅದು ಕಾಣುವುದಿಲ್ಲವೆಂದು ನೆನಪಾಗಿ, 'ಆಗ್ಲಿ,' ಎಂದ.

'ಹೇಳಬೇಕು, ಹೆಂಗಿದೆ ಅಂತ. ಸುಳ್ಳು ಹೇಳಬಾರದು.'

'ಇಲ್ಲ.'

'ಇನ್ನೊಂದು ಚಮಚ ತಗೊಳ್ಳಿ,' ಎಂದಳು ಶಾಂಭವಿ.